ನಾನು ಸೆಲ್ಲು ಕೊಂಡದ್ದು

ನಮ್ಮ ಊರಿನಲ್ಲಿ ಬ್ಯಾಟರಿ ಎಂದರೆ ಕೈಯಲ್ಲಿ ಹಿಡಿಯುವ ಟಾರ್ಚು. ಅದರ ಹೊಟ್ಟೆಯೊಳಗೆ ಹೋಗುವ ವಸ್ತುವಿಗೆ ಸೆಲ್ಲು ಎಂದು ಹೆಸರು. ಸೆಲ್ಲನ್ನೇ ಬ್ಯಾಟರಿ ಎಂದು ಕರೆಯುವವರೂ ಲೋಕದಲ್ಲಿದ್ದಾರೆಂಬುದು ಪಟ್ಟಣಕ್ಕೆ ಬಂದು ಕಾಲೇಜು ಸೇರಿದ ಮೇಲೆಯೇ ನನಗೆ ತಿಳಿದದ್ದು. ವಿದ್ಯೆಯಿಂದ ಮನುಷ್ಯನ ದೃಷ್ಟಿ ವಿಶಾಲವಾಗುತ್ತದೆಂದು ಹಿರಿಯರು ಹೇಳುವುದು ಸುಳ್ಳಲ್ಲ. ಆದರೂ ಈ ಪ್ರಬಂಧದಲ್ಲಿ ನಮ್ಮೂರಿನ ಮಾತನ್ನೇ ಬಳಸುತ್ತೇನೆ, ಅಧ್ಯಾಪಕರು ಕ್ಷಮಿಸಬೇಕು.

ನನ್ನ ಬಾಲ್ಯದಲ್ಲಿ ಅಪ್ಪನ ಬ್ಯಾಟರಿಗೆ ಮೂರು ದಪ್ಪ ಸೆಲ್ಲುಗಳು ಬೇಕಾಗುತ್ತಿದ್ದವು. ಪಂಪಿಗೆ ಕರೆಂಟು ಬರುತ್ತಿದ್ದುದು ರಾತ್ರಿ. ಹೊಲಕ್ಕೆ ನೀರು ಹಾಯಿಸಲು ಅಪ್ಪ ಬ್ಯಾಟರಿ ಹಿಡಿದು ಹೊರಡುತ್ತಿದ್ದ. ಬೆಳಕು ಕೆಂಪಗಾದ ಮಾರನೆಯ ದಿನ ಸೆಲ್ಲುಗಳನ್ನು ತೆಗೆದು ಹಂಚಿನ ಮೇಲೆ ಬಿಸಿಲಿಗಿಡುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಕಾದ ಸೆಲ್ಲು ಆ ರಾತ್ರಿ ಇನ್ನೊಂದಿಷ್ಟು ದುಡಿಯುತ್ತಿತ್ತು. ಬಿಸಿಲೇ ಸೆಲ್ಲಿನೊಳಕ್ಕೆ ಇಳಿಯುತ್ತದೆಂದು ನಾನು ಬಹುಕಾಲ ನಂಬಿದ್ದೆ. ಶಾಖದಿಂದ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗಿ ಅಳಿದುಳಿದ ಶಕ್ತಿ ಹೊರಬೀಳುತ್ತದೆಯೇ ಹೊರತು ಹೊಸದಾಗಿ ಏನೂ ತುಂಬುವುದಿಲ್ಲವೆಂದು ಆಮೇಲೆ ತಿಳಿಯಿತು. ಬರಿದಾದ ಮೇಲೆ ಮತ್ತೆ ತುಂಬಿಸಿಕೊಳ್ಳುವ ಸೆಲ್ಲು ಬೇರೆ ಜಾತಿಯದು. ಆ ಜಾತಿಯನ್ನು ಹುಡುಕಿಕೊಂಡು ಹೋದ ಕಥೆಯೇ ಇದು.

ಕಳೆದ ವರ್ಷ ನಮ್ಮ ಇತಿಹಾಸದ ಮೇಷ್ಟ್ರು ತಮ್ಮ ಹಳೆಯ ಡಿಜಿಟಲ್ ಕ್ಯಾಮರಾವನ್ನು ನನ್ನ ಕೈಗಿತ್ತು, "ನಿಮ್ಮ ಕಡೆಯ ವೀರಗಲ್ಲುಗಳನ್ನೆಲ್ಲ ಚಿತ್ರ ತೆಗೆದುಕೊಂಡು ಬಾ. ಅದೇ ನಿನ್ನ ಪ್ರಾಜೆಕ್ಟು" ಎಂದರು. ಮೊಬೈಲಿನಲ್ಲಿ ತೆಗೆಯಬಾರದಿತ್ತೇ ಎಂದು ಮಿತ್ರರು ಕೇಳುತ್ತಾರೆ. ನನ್ನ ಮೊಬೈಲು ಬಸ್ಸಿನ ಮೆಟ್ಟಿಲಿನಿಂದ ಬಿದ್ದಂದಿನಿಂದ ಅದಕ್ಕೆ ಲೋಕವೆಲ್ಲ ಮಂಜು ಕವಿದಂತೆ ಕಾಣುತ್ತದೆ. ಸವೆದ ಕಲ್ಲಿನ ಅಕ್ಷರ ಕಾಣಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲೂ ಬೇಕು, ನಿರ್ಮಲವಾದ ಕಣ್ಣೂ ಬೇಕು. ಮೇಷ್ಟ್ರ ಕ್ಯಾಮರಾಕ್ಕೆ ಅಂಥ ಕಣ್ಣಿತ್ತು. ಅದರ ಆಹಾರ ಎರಡು ಸೆಲ್ಲು. ದೊಡ್ಡ ಸೆಲ್ಲಲ್ಲ, ಗೋಡೆ ಗಡಿಯಾರಕ್ಕೆ ಹಾಕುವ, ಮೇಲೆ 'ಎಎ' ಎಂದು ಬರೆದಿರುವ ಪೆನ್ಸಿಲ್ ಸೆಲ್ಲು. ಇಷ್ಟು ಅಲ್ಪಾಹಾರಿಯಾದ ಯಂತ್ರ ನಮ್ಮ ಮನೆಗೆ ತಕ್ಕದ್ದೇ ಎಂದುಕೊಂಡೆ.

ಕ್ಯಾಮರಾ ಬಂದ ಸುದ್ದಿ ಅಜ್ಜಿಗೆ ತಿಳಿಯಿತು. ನಮ್ಮ ಮನೆಯಲ್ಲಿ ತಾತನ ಚಿತ್ರವಿಲ್ಲ. ಆತ ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಆತನ ಗುರುತೆಂದು ಉಳಿದಿರುವುದು ಸಾಲದ ಪತ್ರವೊಂದರ ಮೇಲಿನ ಹೆಬ್ಬೆಟ್ಟಿನ ಗುರುತು ಮಾತ್ರ. ಅಜ್ಜಿಯದೋ, ಆಧಾರ್ ಕಾರ್ಡಿನಲ್ಲಿರುವ ಚಿತ್ರ ಒಂದೇ. ಅದನ್ನು ನೋಡಿದಾಗಲೆಲ್ಲ, "ಇದ್ಯಾರೋ ಪೊಲೀಸಿಗೆ ಸಿಕ್ಕವಳ ಥರಾ ಅವಳೆ" ಎಂದು ಅವಳೇ ನಗುತ್ತಾಳೆ. ಊರಿಗೆ ಹೋದ ಭಾನುವಾರ, ನಾನು ಕೇಳುವ ಮೊದಲೇ ಅವಳು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ಹಣೆಗೆ ವಿಭೂತಿ ಇಟ್ಟು, ಜಗಲಿಯ ಮೇಲೆ ನೆಟ್ಟಗೆ ಕುಳಿತಿದ್ದಳು. ಊರಿನ ಅಂಗಡಿಯಿಂದ ತಂದ ಹೊಸ ಸೆಲ್ಲುಗಳನ್ನು ಹಾಕಿ ಗುಂಡಿಯೊತ್ತಿದೆ. ಕ್ಯಾಮರಾ ಮೂತಿಯನ್ನು ಮುಂದಕ್ಕೆ ಚಾಚಿತು, ಅಜ್ಜಿಯನ್ನು ಒಂದು ಕ್ಷಣ ನೋಡಿತು, ಮೂತಿಯನ್ನು ಒಳಗೆಳೆದುಕೊಂಡು ಕಣ್ಣು ಮುಚ್ಚಿತು. ಮತ್ತೆ ಒತ್ತಿದೆ, ಮತ್ತೆ ಅದೇ. ಐದಾರು ಸಲ ಹೀಗಾದ ಮೇಲೆ ಅಜ್ಜಿ ಮೆಲ್ಲಗೆ ಎದ್ದಳು. "ಬಿಡು ಮಗಾ, ಅದಕ್ಕೂ ನನ್ನ ಹಂಗೇ ವಯಸ್ಸಾಗೈತೆ" ಎಂದು ಒಳಗೆ ಹೋಗಿ ಸೀರೆ ಬದಲಿಸಿದಳು. ಅವಳು ಆ ಸೀರೆಯನ್ನು ಮಡಿಸಿ ಪೆಟ್ಟಿಗೆಯೊಳಗೆ ಇಟ್ಟದ್ದನ್ನು ನೋಡಿದಾಗ ನನಗಾದ ನಾಚಿಕೆ, ಪರೀಕ್ಷೆಯಲ್ಲಿ ನಪಾಸಾಗಿದ್ದರೂ ಆಗುತ್ತಿರಲಿಲ್ಲ.

ಹಾಸ್ಟೆಲಿಗೆ ಮರಳಿದವನೇ ಬಸ್ ನಿಲ್ದಾಣದ ಬಳಿಯ ರೇಡಿಯೋ ರಿಪೇರಿ ಅಂಗಡಿಗೆ ಹೋದೆ. ಈಗ ಅಲ್ಲಿ ರೇಡಿಯೋಗಿಂತ ಮಿಕ್ಸಿಗಳೇ ಹೆಚ್ಚಾಗಿ ಬರುತ್ತವೆ. ಅಂಗಡಿಯ ಯಜಮಾನರು ವಯಸ್ಸಾದವರು. ಏಳನೆಯ ತರಗತಿಗೇ ಶಾಲೆ ಬಿಟ್ಟವರಂತೆ. ಆದರೆ ಅವರು ಅಂದು ಹೇಳಿದ ಪಾಠದಂಥದನ್ನು ನಾನು ಹೆಚ್ಚಾಗಿ ಕೇಳಿಲ್ಲ. ನನ್ನ ಸೆಲ್ಲನ್ನು ಮೀಟರಿಗೆ ಹಿಡಿದರು. ಒಂದೂವರೆ ವೋಲ್ಟಿಗೆ ಹತ್ತಿರ ತೋರಿಸಿತು. "ಸರಿಯಾಗಿದೆಯಲ್ಲ!" ಎಂದೆ. ಅವರು ನಕ್ಕು, ಒಂದು ಪುಟ್ಟ ಬಲ್ಬನ್ನು ಸೆಲ್ಲಿಗೆ ಸೇರಿಸಿ ಮತ್ತೆ ಮೀಟರು ಹಿಡಿದರು. ಮುಳ್ಳು ಜರ್ರನೆ ಕೆಳಗಿಳಿಯಿತು. "ಸುಮ್ಮನೆ ಕೂತಾಗ ಎಲ್ಲರೂ ಗಟ್ಟಿಯೇ ಕಣಪ್ಪ. ಹೊರೆ ಹೊರಿಸಿದಾಗ ಗೊತ್ತಾಗುತ್ತದೆ" ಎಂದರು.

ಅವರು ಬಿಡಿಸಿ ಹೇಳಿದ್ದು ಇದು. ಗಡಿಯಾರವು ಸೆಲ್ಲಿನಿಂದ ಹನಿಹನಿಯಾಗಿ ಕರೆಂಟು ಕುಡಿಯುತ್ತದೆ. ಕ್ಯಾಮರಾ ಹಾಗಲ್ಲ, ಮೂತಿ ಚಾಚಲು, ಪರದೆ ಬೆಳಗಲು, ಫ್ಲಾಶು ತುಂಬಲು ಒಮ್ಮೆಲೇ ಗಟಗಟನೆ ಕುಡಿಯುತ್ತದೆ. ಅಗ್ಗದ ಸತು–ಇಂಗಾಲದ ಸೆಲ್ಲಿಗೆ ಒಳಗಿನ ತಡೆ ಹೆಚ್ಚು. ಒಮ್ಮೆಲೇ ಕೇಳಿದರೆ ಅದರ ವೋಲ್ಟು ಕುಸಿಯುತ್ತದೆ, ಕ್ಯಾಮರಾ ಸೆಲ್ಲು ಸತ್ತಿತೆಂದು ತಿಳಿದು ಮಲಗಿಬಿಡುತ್ತದೆ. ಆಲ್ಕಲೈನ್ ಸೆಲ್ಲು ಇದಕ್ಕಿಂತ ಮೇಲು, ಆದರೆ ಮುಗಿದ ಮೇಲೆ ಎಸೆಯುವುದೇ. ಅದನ್ನು ಚಾರ್ಜರಿಗೆ ಹಾಕಲು ಹೋದರೆ ಸೋರಬಹುದು, ಸಿಡಿಯಲೂಬಹುದು. ಕ್ಯಾಮರಾಕ್ಕೆ ಹೇಳಿ ಮಾಡಿಸಿದ್ದು ನಿಕಲ್–ಮೆಟಲ್ ಹೈಡ್ರೈಡ್ ಎಂಬ, ಮತ್ತೆ ಮತ್ತೆ ತುಂಬಿಸಬಹುದಾದ ಸೆಲ್ಲು.

ಅಜ್ಜಿಯ ಒಂದು ಚಿತ್ರಕ್ಕೆ ಆಲ್ಕಲೈನಿನ ಒಂದು ಜೊತೆ ಸಾಕಿತ್ತು. ಆದರೆ ವೀರಗಲ್ಲುಗಳೋ ಹನ್ನೊಂದು ಹಳ್ಳಿಗಳಲ್ಲಿ ಹರಡಿಕೊಂಡಿದ್ದವು. ಒಂದೊಂದಕ್ಕೆ ಹತ್ತು ಚಿತ್ರವಾದರೂ ಬೇಕು. ಜೊತೆಗೆ 90 ರೂಪಾಯಿಯಂತೆ ಕೊಳ್ಳುತ್ತ ಹೋದರೆ ನನ್ನ ಪ್ರಾಜೆಕ್ಟು ಮುಗಿಯುವ ಮೊದಲು ನಾನೇ ವೀರಸ್ವರ್ಗ ಸೇರಬೇಕಾಗುತ್ತಿತ್ತು. ಆದ್ದರಿಂದ ತುಂಬಿಸುವ ಸೆಲ್ಲನ್ನೇ ಕೊಳ್ಳುವುದೆಂದು ನಿಶ್ಚಯಿಸಿ ಪೇಟೆಗೆ ಇಳಿದೆ.

ಮೊದಲ ಸಂಶಯ ವೋಲ್ಟಿನದು. ಸಾಮಾನ್ಯ ಸೆಲ್ಲಿನ ಮೇಲೆ 1.5 ಎಂದಿದ್ದರೆ ಇದರ ಮೇಲೆ 1.2 ಎಂದಿತ್ತು. ಹೆಚ್ಚು ಬೆಲೆ ಕೊಟ್ಟು ಕಡಿಮೆ ವೋಲ್ಟು ಕೊಳ್ಳುವುದೆಂದರೆ, ನಮ್ಮವ್ವ ಅದನ್ನು ಎಂದೂ ಒಪ್ಪಳು. ರಿಪೇರಿಯ ಯಜಮಾನರಲ್ಲಿಗೇ ಮತ್ತೆ ಓಡಿದೆ. ಆಲ್ಕಲೈನ್ ಸೆಲ್ಲು ಒಂದೂವರೆಯಿಂದ ಆರಂಭಿಸಿ ದುಡಿದಂತೆಲ್ಲ ಇಳಿಯುತ್ತಲೇ ಹೋಗುತ್ತದೆಂದೂ, ಇದು 1.2ರ ಆಸುಪಾಸಿನಲ್ಲೇ ನಿಂತು ಕೊನೆಯವರೆಗೂ ಬಹುಮಟ್ಟಿಗೆ ಕದಲದೆಂದೂ ಅವರು ತಿಳಿಸಿದರು. ಆರಂಭಶೂರನಿಗಿಂತ ಇದ್ದಷ್ಟು ಬಲದಲ್ಲಿ ಸ್ಥಿರವಾಗಿ ನಿಲ್ಲುವವನೇ ಮೇಲೆಂಬ ನೀತಿ ಸೆಲ್ಲಿನಲ್ಲೂ ಇದೆಯೆಂದಾಯಿತು.

ಎರಡನೆಯ ಸಂಶಯ ತುಂಬುವ ಪ್ರಮಾಣದ್ದು. ಸೆಲ್ಲಿನ ಮೈಮೇಲೆ ಮಿಲಿಆಂಪಿಯರ್ ಗಂಟೆ ಎಂಬ ಲೆಕ್ಕವಿರುತ್ತದೆ. 2000 ಎಂದಿದ್ದರೆ, 200 ಮಿಲಿಆಂಪಿಯರ್ ಕರೆಂಟನ್ನು ಸುಮಾರು 10 ಗಂಟೆ ಕೊಡಬಲ್ಲದೆಂದು ಅರ್ಥ. ಒಂದು ಅಂಗಡಿಯಲ್ಲಿ 4000 ಎಂದು ಬರೆದ ಸೆಲ್ಲು, 2000ದ್ದಕ್ಕಿಂತ ಅಗ್ಗವಾಗಿ ಸಿಕ್ಕಿತು! ಸಂತೋಷದಿಂದ ಕೊಳ್ಳುವುದರಲ್ಲಿದ್ದೆ. ಕೈಯಲ್ಲಿ ಹಿಡಿದರೆ ಹತ್ತಿಯ ಕಾಯಿಯಂತೆ ಹಗುರ. ಈ ಜಾತಿಯ ಪೆನ್ಸಿಲ್ ಸೆಲ್ಲಿಗೆ ಅಷ್ಟು ತುಂಬಿಸಲು ಒಳಗೆ ಜಾಗವೇ ಇಲ್ಲವೆಂದು ನಂತರ ತಿಳಿದೆ. ಇನ್ನೊಬ್ಬರು ಅದೇ ಅಳತೆಯ ಲಿಥಿಯಂ ಸೆಲ್ಲೊಂದನ್ನು ತೋರಿಸಿ "ಇದರಲ್ಲಿ ಪವರ್ ಜಾಸ್ತಿ" ಎಂದರು. ಅದು 3.7 ವೋಲ್ಟಿನದು. ಎರಡನ್ನು ಹಾಕಿದ್ದರೆ ಮೂರು ವೋಲ್ಟಿನ ಕ್ಯಾಮರಾಕ್ಕೆ ಏಳು ವೋಲ್ಟು ದಾಟಿ ಹೋಗಿ, ನಾನು ಮೇಷ್ಟ್ರಿಗೆ ಮುಖ ತೋರಿಸದಂತೆ ಆಗುತ್ತಿತ್ತು.

ನಿಜವಾದ ಸೆಲ್ಲುಗಳಲ್ಲೂ ಎರಡು ಬಗೆ. ಒಂದು ಬಗೆಯದು 2500ಕ್ಕೂ ಮೇಲೆ ತುಂಬಿಕೊಳ್ಳುತ್ತದೆ. ಆದರೆ ಹಳೆಯ ತಯಾರಿಕೆಯದಾದರೆ ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿದ್ದರೂ ತನ್ನಷ್ಟಕ್ಕೆ ತಾನೇ ಸೋರಿಹೋಗುತ್ತದೆ. ಇನ್ನೊಂದು 2000ದಷ್ಟೇ ತುಂಬಿಕೊಂಡರೂ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಜಪಾನಿನ ಸ್ಯಾನ್ಯೋ ಕಂಪನಿ 2005ರಲ್ಲಿ ಎನಲೂಪ್ ಎಂಬ ಹೆಸರಿನಲ್ಲಿ ಈ ಬಗೆಯನ್ನು ಹೊರತಂದಿತು. ಈಗ ಹಲವು ಕಂಪನಿಗಳು ಇಂಥದನ್ನು ಮಾಡುತ್ತವೆ. ಈ ಭೇದವನ್ನು ಕೇಳಿದಾಗ ನನಗೆ ನಮ್ಮ ಹಾಸ್ಟೆಲಿನ ನೆನಪಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ಗೈಡನ್ನೆಲ್ಲ ನುಂಗಿ 2500ರ ಮಟ್ಟಕ್ಕೆ ತುಂಬಿಕೊಂಡು, ಪರೀಕ್ಷೆಯ ಮಾರನೆಯ ದಿನವೇ ಸೊನ್ನೆಗಿಳಿಯುವ ಮಿತ್ರರು ನಮ್ಮಲ್ಲಿ ಹಲವರಿದ್ದಾರೆ. ಹೆಸರು ಹೇಳುವುದು ಬೇಡ; ಅವರಲ್ಲಿ ನಾನೂ ಒಬ್ಬ.

ತಿಂಗಳಿಗೊಮ್ಮೆ ಊರಿಗೆ ಹೋಗುವ ನನಗೆ ಎರಡನೆಯ ಬಗೆಯೇ ಸರಿ. ನಾಲ್ಕು ಸೆಲ್ಲು, ಒಂದು ಚಾರ್ಜರು ಸೇರಿ 1150 ರೂಪಾಯಿ. ಚಾರ್ಜರಿನಲ್ಲೂ ಅಗ್ಗದ್ದಿತ್ತು; ಅದು ಜೋಡಿಯಾಗಿಯೇ ತುಂಬಿಸುವಂಥದು, ಯಾವ ಸೆಲ್ಲು ತುಂಬಿತು, ಯಾವುದು ತುಂಬಲಿಲ್ಲವೆಂದು ನೋಡದು. ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ವಿಚಾರಿಸಿ, ತುಂಬಿದೊಡನೆ ನಿಲ್ಲಿಸುವುದನ್ನೇ ಆರಿಸಿದೆ. ಮೇಷ್ಟ್ರುಗಳೂ ಹೀಗೇ ಒಬ್ಬೊಬ್ಬರನ್ನೇ ವಿಚಾರಿಸಿದರೆ ಎಷ್ಟು ಚೆನ್ನ, ಅಥವಾ ಎಷ್ಟು ಅಪಾಯ!

ಹಣವೆಲ್ಲಿಂದ? ನನ್ನ ಬಳಿ ಇದ್ದದ್ದು ಪರೀಕ್ಷೆಯ ಶುಲ್ಕಕ್ಕೆಂದು ಅಪ್ಪ ಕೊಟ್ಟ ಹಣ. ಎರಡು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಯ ಮುಂದೆ ತಿರುಗಾಡಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ; ಆ ಹಣದಲ್ಲಿ ಅಪ್ಪನ ಎಷ್ಟು ರಾತ್ರಿಗಳಿವೆಯೆಂದು ನನಗೆ ಗೊತ್ತು. ಮುಟ್ಟಲಾಗಲಿಲ್ಲ. ಕಲ್ಯಾಣ ಮಂಟಪಗಳಲ್ಲಿ ಬಡಿಸುವ ಕೆಲಸಕ್ಕೆ ಸೇರಿ ಮೂರು ಮದುವೆಗಳಿಗೆ ಅನ್ನ ಸಾರು ಬಡಿಸಿದೆ. ಆ ಮೂರು ವಾರ ಊರಿಗೆ ಹೋಗಲಿಲ್ಲ. ಅಷ್ಟರಲ್ಲಿ ಅಜ್ಜಿಗೆ ಜ್ವರ ಬಂದು ಹಾಸಿಗೆ ಹಿಡಿದಳೆಂದು ಅವ್ವ ಫೋನು ಮಾಡಿದಳು. ಅಂದು ರಾತ್ರಿ ಬಡಿಸುತ್ತಿದ್ದಾಗ, ಛಾಯಾಚಿತ್ರಗಾರರು ವಧೂವರರನ್ನು ಹಾಗೆ ಕೂರಿಸಿ ಹೀಗೆ ನಿಲ್ಲಿಸಿ ನೂರಾರು ಚಿತ್ರ ತೆಗೆಯುವುದನ್ನು ನೋಡಿ, ಕೈಯಲ್ಲಿದ್ದ ಸೌಟು ಭಾರವಾಯಿತು. 90 ರೂಪಾಯಿಯ ಜೊತೆಯೊಂದನ್ನು ಅಂದೇ ಕೊಂಡು ಓಡಬಾರದಿತ್ತೇ, ಲೆಕ್ಕಾಚಾರದ ಜಾಣತನದಲ್ಲಿ ಅಜ್ಜಿಯನ್ನೇ ಮರೆತೆನೇ ಎಂದು ಮನಸ್ಸು ಚುಚ್ಚಿತು. ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಸರಿಯಾದ ಉತ್ತರವಿಲ್ಲ.

ದೇವರು ದೊಡ್ಡವನು, ಅಜ್ಜಿ ಎದ್ದು ಕುಳಿತಳು. ಸಂಬಳ ಕೈಗೆ ಬಂದ ದಿನವೇ ಸೆಲ್ಲು ಕೊಂಡು, ಹಾಸ್ಟೆಲಿನ ಒಂದೇ ಪ್ಲಗ್ಗಿಗೆ ಕಾದಿದ್ದ ಏಳು ಮೊಬೈಲುಗಳ ಮಾಲೀಕರನ್ನು ಬೇಡಿಕೊಂಡು ರಾತ್ರಿಯೆಲ್ಲ ತುಂಬಿಸಿ, ಬೆಳಗಿನ ಮೊದಲ ಬಸ್ಸು ಹಿಡಿದೆ.

ಅಜ್ಜಿ ಬಡವಾಗಿದ್ದಳು. ಸೀರೆ ಬದಲಿಸುವ ಶಕ್ತಿ ಇರಲಿಲ್ಲ. "ಹಂಗೇ ತೆಗಿ, ನಾನು ಇರೋದೇ ಹಿಂಗೆ" ಎಂದಳು. ಗುಂಡಿಯೊತ್ತಿದೆ. ಕ್ಯಾಮರಾ ಮೂತಿ ಚಾಚಿತು. ಈ ಸಲ ಕಣ್ಣು ಮುಚ್ಚಲಿಲ್ಲ. ಒಂದಲ್ಲ, ಮೂವತ್ತು ಚಿತ್ರ ತೆಗೆದೆ. ಅಜ್ಜಿ ಬೇಸರಪಟ್ಟಳೇ ಹೊರತು ಸೆಲ್ಲು ಬೇಸರಪಡಲಿಲ್ಲ. ಪುಟ್ಟ ಪರದೆಯನ್ನು ಅವಳ ಕಣ್ಣಿನ ಹತ್ತಿರ ಹಿಡಿದೆ. ಬಹಳ ಹೊತ್ತು ನೋಡಿ, "ಇದು ಆಗ ಇದ್ದಿದ್ರೆ ನಿಮ್ಮ ತಾತನೂ ಇರ್ತಿದ್ದ" ಎಂದಳು. ನಾನು ಏನೂ ಹೇಳಲಿಲ್ಲ.

ಅಪ್ಪ ಪಕ್ಕದಲ್ಲೇ ಕುಳಿತು ಸೆಲ್ಲನ್ನು ಅಂಗೈಯಲ್ಲಿ ಉರುಳಿಸಿ ನೋಡುತ್ತಿದ್ದ. "ಇದನ್ನ ಬಿಸಿಲಿಗೆ ಇಡಂಗಿಲ್ವೇನೋ?" ಎಂದು ಕೇಳಿದ. ಇಡಬಾರದು, ಶಾಖಕ್ಕೆ ಕೆಡುತ್ತದೆ ಎಂದೆ. ಹಳತು ಹೊಸತನ್ನು ಬೆರೆಸಬಾರದು, ಸತ್ತ ಸೆಲ್ಲನ್ನು ತಿಪ್ಪೆಗೆ ಎಸೆಯಬಾರದು, 2022ರ ನಿಯಮದ ಪ್ರಕಾರ ಅದನ್ನು ಮರಳಿ ಪಡೆಯುವ ಹೊಣೆ ತಯಾರಕರದೇ ಎಂದೂ ನನ್ನ ಪಾಂಡಿತ್ಯವನ್ನೆಲ್ಲ ಹರಿಸಿದೆ. ಅಪ್ಪ ಎಲ್ಲವನ್ನೂ ಕೇಳಿ, "ಅಂತೂ ಓದಿದ್ದಕ್ಕೆ ಒಂದು ಸೆಲ್ಲು ಕೊಳ್ಳೋಕೆ ಬಂತು" ಎಂದ. ಅದು ಹಾಸ್ಯವೋ ಹೆಮ್ಮೆಯೋ ತಿಳಿಯಲಿಲ್ಲ. ಎರಡೂ ಇರಬಹುದು.

ವೀರಗಲ್ಲುಗಳ ಚಿತ್ರಗಳು ಮೇಷ್ಟ್ರ ಮೇಜನ್ನು ಸೇರಿವೆ. ಅಜ್ಜಿಯ ಚಿತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗಿದ್ದೇವೆ. ಅವಳು ದಿನವೂ ಅದರ ಕೆಳಗೇ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಾಳೆ. ಬರುವ ತಿಂಗಳು ಕ್ಯಾಮರಾವನ್ನು ಮೇಷ್ಟ್ರಿಗೆ ಒಪ್ಪಿಸಬೇಕು. ಸೆಲ್ಲುಗಳನ್ನೂ ಅದರ ಜೊತೆಗೇ ಕೊಡುತ್ತೇನೆ, ತುಂಬಿಸಿ. ಮುಂದೆ ಆ ಕ್ಯಾಮರಾ ಯಾವ ಹುಡುಗನ ಕೈಗೆ ಹೋಗುವುದೋ, ಅವನ ಮನೆಯ ಜಗಲಿಯ ಮೇಲೂ ಯಾರಾದರೂ ಒಳ್ಳೆಯ ಸೀರೆಯುಟ್ಟು ಕಾದು ಕುಳಿತಿರಬಹುದು.

— ಅಂತಿಮ ಬಿ.ಎ. ವಿದ್ಯಾರ್ಥಿ