ಒಂದೇ ಹಡಗು, ಹಲವು ಮಹಡಿ

ಮಳೆಗಾಲ ಮುಗಿದು ಕಡಲು ಶಾಂತವಾದರೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಬೆಳಿಗ್ಗೆ ಬಂದು ಸಂಜೆಗೆ ಹೊರಟುಹೋಗುವ ಹಡಗುಗಳವು. ಇಳಿದವರು ಬಸ್ಸು, ಟ್ಯಾಕ್ಸಿ ಹತ್ತಿ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ಗೋಕರ್ಣನಾಥ ದೇವಾಲಯ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ ಎಂದು ಸುತ್ತಾಡಿ ಮರಳುತ್ತಾರೆ. ನಮ್ಮ ಪಾಲಿಗೆ ಅವರೆಲ್ಲ ಒಂದೇ. ತಲೆಗೆ ಟೋಪಿ, ಕೊರಳಿಗೆ ಕ್ಯಾಮರಾ, ಕೈಯಲ್ಲಿ ನೀರಿನ ಬಾಟಲಿ. ಅವರಲ್ಲಿ ಯಾರು ಮೇಲು, ಯಾರು ಕೆಳಗು ಎಂದು ನಮ್ಮ ರಿಕ್ಷಾದವನಿಗೆ ತಿಳಿಯುವುದಿಲ್ಲ. ಆದರೆ ಆ ಹಡಗಿನೊಳಗೆ ಅದು ಎಲ್ಲರಿಗೂ ಚೆನ್ನಾಗಿ ತಿಳಿದಿರುತ್ತದೆ.

ಪ್ರವಾಸಿ ಹಡಗುಗಳ ಲೋಕದಲ್ಲಿ ಮೊದಲ ಮೇಲು ಕೀಳು ಇರುವುದು ಕಂಪನಿಗಳ ನಡುವೆ. ಕ್ಯುನಾರ್ಡ್ ಎಂಬ ಕಂಪನಿಯ ಮೊದಲ ಹಡಗು ಬ್ರಿಟಾನಿಯಾ ಲಿವರ್‌ಪೂಲ್‌ನಿಂದ ಹೊರಟದ್ದು 1840ರಲ್ಲಿ. ಆ ಹಳೆತನವೇ ಅದರ ಬಂಡವಾಳ. ಅಲ್ಲಿ ಕೆಲವು ರಾತ್ರಿಗಳಂದು ಗಂಡಸರು ಕರಿಯ ಸೂಟು, ಹೆಂಗಸರು ನೆಲ ಮುಟ್ಟುವ ಗೌನು ತೊಟ್ಟು ಊಟಕ್ಕೆ ಬರಬೇಕು. ಕಾರ್ನಿವಲ್ ಕಂಪನಿ ಹುಟ್ಟಿದ್ದು 1972ರಲ್ಲಿ, ಒಂದು ಹಳೆಯ ಹಡಗನ್ನು ಕೊಂಡು. ಮೊದಲ ಯಾನದಲ್ಲೇ ಅದು ಮಯಾಮಿಯ ಬಳಿ ಮರಳಿನಲ್ಲಿ ಸಿಕ್ಕಿಕೊಂಡಿತು. ತನ್ನ ಹಡಗುಗಳನ್ನು ಅದು ಕರೆದುಕೊಂಡದ್ದೇ 'ಮೋಜಿನ ಹಡಗು' ಎಂದು. ಕಡಿಮೆ ದರ, ಜೋರು ಸಂಗೀತ, ನೀರಿನ ಜಾರುಬಂಡಿ, ಮಕ್ಕಳುಮರಿ. ರಾಯಲ್ ಕೆರಿಬಿಯನ್‌ನವರದು ಗಾತ್ರದ ಹೆಮ್ಮೆ. 2024ರಲ್ಲಿ ಅವರು ನೀರಿಗಿಳಿಸಿದ 'ಐಕಾನ್ ಆಫ್ ದಿ ಸೀಸ್' 20 ಮಹಡಿಗಳ ಹಡಗು, ತುಂಬಿದರೆ 7,600 ಪ್ರಯಾಣಿಕರು. ಇವೆಲ್ಲವುಗಳ ಮೇಲೆ ಸೀಬೋರ್ನ್, ಸಿಲ್ವರ್‌ಸೀ, ರೀಜೆಂಟ್ ಮುಂತಾದ ಚಿಕ್ಕ ಹಡಗುಗಳ ಕಂಪನಿಗಳಿವೆ. ಅಲ್ಲಿ ಪ್ರಯಾಣಿಕರ ಸಂಖ್ಯೆ ಕಡಿಮೆ, ದರ ಬಹಳ ಹೆಚ್ಚು.

ಹೀಗಾಗಿ ಸೀಬೋರ್ನಿನಲ್ಲಿ ಹೋಗುವವನಿಗೆ ಕ್ಯುನಾರ್ಡ್‌ನವರು ಸಂತೆಯ ಜನ. ಕ್ಯುನಾರ್ಡ್‌ನವರಿಗೆ ರಾಯಲ್ ಕೆರಿಬಿಯನ್ ಎಂದರೆ ತೇಲುವ ಜಾತ್ರೆ. ರಾಯಲ್ ಕೆರಿಬಿಯನ್‌ನವರು ಕಾರ್ನಿವಲ್ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಕಾರ್ನಿವಲ್‌ನವನೂ ಸುಮ್ಮನಿರುವುದಿಲ್ಲ, ಉಳಿದವರೆಲ್ಲ ಸತ್ತ ಮನೆಯಲ್ಲಿ ಊಟ ಮಾಡುವಂತೆ ಊಟ ಮಾಡುತ್ತಾರೆ ಎಂದು ನಗುತ್ತಾನೆ. ಒಬ್ಬನನ್ನು ಕೀಳೆಂದು ಕಾಣದೆ ನಾವು ಮೇಲೆಂದು ತಿಳಿಯುವುದು ಕಷ್ಟ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇದರಲ್ಲಿ ಒಂದು ತಮಾಷೆಯಿದೆ. ಕ್ಯುನಾರ್ಡ್ 1998ರಿಂದ ಕಾರ್ನಿವಲ್ ಸಮೂಹದ ಕೈಯಲ್ಲಿದೆ. ಸೀಬೋರ್ನ್ ಅದೇ ಸಮೂಹದ್ದು. ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ಇಟಲಿಯ ಕೋಸ್ಟಾ ಎಲ್ಲವೂ ಅದರದೇ. ಸಿಲ್ವರ್‌ಸೀ ಕಂಪನಿ ರಾಯಲ್ ಕೆರಿಬಿಯನ್ ಸಮೂಹಕ್ಕೆ ಸೇರಿದರೆ, ರೀಜೆಂಟ್ ನಾರ್ವೀಜಿಯನ್ ಸಮೂಹಕ್ಕೆ ಸೇರಿದೆ. ಕರಿಯ ಸೂಟು ತೊಟ್ಟು ಕುಳಿತವನ ಹಣವೂ, ಬನಿಯನ್ ತೊಟ್ಟು ಜಾರುಬಂಡಿಯಲ್ಲಿ ಜಾರಿದವನ ಹಣವೂ ಕೊನೆಗೆ ಹೋಗಿ ಬೀಳುವುದು ಒಂದೇ ಗಲ್ಲಾಪೆಟ್ಟಿಗೆಗೆ. ಒಡೆಯನಿಗೆ ಇಬ್ಬರೂ ಸಮಾನರು. ಮನುಷ್ಯರಲ್ಲಿ ಭೇದ ಮಾಡದವರು ಸೂಫಿಗಳು ಮಾತ್ರ ಎಂದುಕೊಂಡಿದ್ದೆವು, ಹಡಗು ಕಂಪನಿಯ ಲೆಕ್ಕಪುಸ್ತಕವೂ ಮಾಡುವುದಿಲ್ಲ!

ಎರಡನೆಯ ಮೇಲು ಕೀಳು ಒಂದೇ ಹಡಗಿನ ಒಳಗಿನದು. ಹಿಂದೆ ಅಟ್ಲಾಂಟಿಕ್ ದಾಟುವ ಹಡಗುಗಳಲ್ಲಿ ಒಂದನೆಯ, ಎರಡನೆಯ, ಮೂರನೆಯ ದರ್ಜೆಗಳಿದ್ದವು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಮೊದಲ ದರ್ಜೆಯಲ್ಲಿ ನೂರಕ್ಕೆ ಸುಮಾರು ಅರವತ್ತು ಜನ ಬದುಕಿದರು, ಮೂರನೆಯ ದರ್ಜೆಯಲ್ಲಿ ಇಪ್ಪತ್ತೈದು. ಟಿಕೆಟಿನ ಬಣ್ಣ ಪ್ರಾಣದ ಬೆಲೆಯನ್ನೂ ಹೇಳುತ್ತಿತ್ತು. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಊರು ಸೇರಲು ಹಡಗು ಹತ್ತುವವರು ಇಲ್ಲವಾದರು. ಹಡಗಿನ ಒಡೆಯರು ಸುಮ್ಮನೆ ಸುತ್ತಾಡಿಸುವ ವ್ಯಾಪಾರಕ್ಕಿಳಿದರು. ಕೋಣೆ ಚಿಕ್ಕದಿರಲಿ ದೊಡ್ಡದಿರಲಿ, ಊಟದ ಮನೆ, ಈಜುಕೊಳ, ನಾಟಕಶಾಲೆ ಎಲ್ಲರಿಗೂ ಒಂದೇ ಎಂಬುದು ಆ ಹೊಸ ವ್ಯಾಪಾರದ ಆಕರ್ಷಣೆಯಾಗಿತ್ತು. ದರ್ಜೆಗಳು ಕಡಲಿನಲ್ಲಿ ಮುಳುಗಿಹೋದವು ಎಂದು ಜನ ನಂಬಿದರು.

ಅವು ಮುಳುಗಿರಲಿಲ್ಲ. ಈಗ ನಾರ್ವೀಜಿಯನ್ ಹಡಗುಗಳಲ್ಲಿ 'ಹೇವನ್' ಎಂಬ ಭಾಗವಿದೆ, ಎಂಎಸ್‌ಸಿ ಹಡಗುಗಳಲ್ಲಿ 'ಯಾಟ್ ಕ್ಲಬ್' ಇದೆ. ಅಲ್ಲಿಯ ಬಾಗಿಲು ತೆರೆಯುವುದು ಅಲ್ಲಿಯವರ ಕಾರ್ಡಿಗೆ ಮಾತ್ರ. ಅವರಿಗೆ ಬೇರೆ ಈಜುಕೊಳ, ಬೇರೆ ಊಟದ ಮನೆ, ಬೇರೆ ಪರಿಚಾರಕರು. ಕ್ಯುನಾರ್ಡ್‌ನ 'ಕ್ವೀನ್ ಮೇರಿ 2' ಹಡಗಿನಲ್ಲಿ ನೀವು ಎಲ್ಲಿ ಉಣ್ಣಬೇಕೆಂಬುದನ್ನು ನಿಮ್ಮ ಕೋಣೆಯೇ ಹೇಳುತ್ತದೆ: ದೊಡ್ಡ ಕೋಣೆಯವರಿಗೆ ಕ್ವೀನ್ಸ್ ಗ್ರಿಲ್, ಅದಕ್ಕಿಂತ ಕೆಳಗಿನವರಿಗೆ ಪ್ರಿನ್ಸೆಸ್ ಗ್ರಿಲ್, ಉಳಿದ ಪ್ರಜೆಗಳಿಗೆ ಬ್ರಿಟಾನಿಯಾ. ಹಣದ್ದಾಯಿತು, ಇನ್ನು ಹಿರಿತನ. ರಾಯಲ್ ಕೆರಿಬಿಯನ್‌ನಲ್ಲಿ ಮತ್ತೆ ಮತ್ತೆ ಬರುವವರಿಗೆ ಗೋಲ್ಡ್, ಪ್ಲಾಟಿನಂ, ಎಮರಾಲ್ಡ್, ಡೈಮಂಡ್, ಡೈಮಂಡ್ ಪ್ಲಸ್ ಎಂದು ಪದವಿಗಳು. ಎಲ್ಲಕ್ಕಿಂತ ಮೇಲಿನ 'ಪಿನಾಕಲ್' ಪದವಿಗೆ 700 ಅಂಕ ಬೇಕು. ಸಾಮಾನ್ಯ ಕೋಣೆಯಲ್ಲಿ ಇಬ್ಬರು ಹೋದರೆ ಒಬ್ಬೊಬ್ಬರಿಗೆ ರಾತ್ರಿಗೊಂದು ಅಂಕ. ಅಂದರೆ ಬದುಕಿನ ಎರಡು ವರ್ಷಗಳಷ್ಟನ್ನು ಕಡಲಿನ ಮೇಲೆ ಕಳೆದರೆ ಆ ಪದವಿ. ಹಾಗೆ ಪಡೆದವರಿಗೆ ಹೊಸದಾಗಿ ಬಂದ ಗೋಲ್ಡ್‌ನವನು ಎದುರಾದರೆ ಹೇಗೆ ಕಾಣಬೇಡ?

ಈ ದೊಡ್ಡಸ್ತಿಕೆ ನಮಗೇನೂ ಹೊಸದಲ್ಲ. ಆಂಗ್ಲರು ಪಿ ಅಂಡ್ ಒ ಕಂಪನಿಯ ಹಡಗುಗಳಲ್ಲಿ ಇಂಡಿಯಾಕ್ಕೆ ಬರುತ್ತಿದ್ದ ಕಾಲದಲ್ಲಿ, ಬರುವಾಗ ಎಡಬದಿಯ, ಹೋಗುವಾಗ ಬಲಬದಿಯ ನೆರಳಿನ ಕೋಣೆಗಳು ಶ್ರೀಮಂತರಿಗೆ ಮೀಸಲಾಗಿದ್ದವು, 'ಪಾಶ್' ಎಂಬ ಮಾತು ಹುಟ್ಟಿದ್ದೇ ಆ ಟಿಕೆಟುಗಳಿಂದ ಎಂಬ ಕತೆಯೊಂದಿದೆ. ಅಂಥ ಟಿಕೆಟನ್ನು ಕಂಡವರು ಯಾರೂ ಇಲ್ಲ, ಭಾಷಾ ಪಂಡಿತರು ಅದನ್ನು ಒಪ್ಪುವುದೂ ಇಲ್ಲ. ಆದರೂ ಕತೆ ಬದುಕಿದೆ. ದೊಡ್ಡವರಾಗಬೇಕಾದರೆ ನೆರಳಿನ ಬದಿ ನಮ್ಮದಾಗಿದ್ದರೆ ಸಾಲದು, ಬಿಸಿಲಿನ ಬದಿಯಲ್ಲಿ ಇನ್ನೊಬ್ಬರಿರಬೇಕು ಎಂಬ ಸತ್ಯ ಅದರಲ್ಲಿರುವುದರಿಂದಲೇ ಇರಬೇಕು. ನಮ್ಮ ಮಧ್ಯಮ ವರ್ಗವೂ ಈಗ ಕಲಿಯುತ್ತಿದೆ. 2021ರಲ್ಲಿ ಮುಂಬಯಿಯಿಂದ ಕೊರ್ಡೆಲಿಯಾ ಹಡಗು ಗೋವಾ, ಲಕ್ಷದ್ವೀಪಗಳಿಗೆ ಹೊರಟಿತು. ಮದುವೆ ಹಾಲ್‌ಗಳಲ್ಲಿ ಬಿರಿಯಾನಿಗೆ ಕಾಯುವಾಗ, 'ಅದೆಲ್ಲ ಎಂಥ ಕ್ರೂಸ್ ಬಿಡಿ ಸಾಹೇಬ್ರೆ, ನಾವು ಸಿಂಗಾಪುರದಿಂದ ಹೋಗಿದ್ವಿ' ಎನ್ನುವವರು ನಮ್ಮ ಕಿವಿಗೂ ಬಿದ್ದಿದ್ದಾರೆ.

ಮೇಲಿನ ಮಹಡಿಗಳ ಈ ಮಾತುಕತೆಯಲ್ಲಿ ಬಾರದವರು ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲದ ಕೋಣೆಗಳಲ್ಲಿ ಒಬ್ಬರ ಮೇಲೊಬ್ಬರಂತೆ ಮಲಗುವ ಕೆಲಸಗಾರರು. ಫಿಲಿಪೀನ್ಸ್, ಇಂಡೋನೇಷ್ಯಾ, ಗೋವಾ, ನಮ್ಮ ಕರಾವಳಿಯ ಹುಡುಗರು. ಹಡಗಿನ ಒಡೆಯರು ಅಮೆರಿಕದವರಾದರೂ ಬಾವುಟ ಬಹಾಮಾಸ್, ಪನಾಮಾ, ಬರ್ಮುಡಾಗಳದ್ದು. ಬಾವುಟ ಯಾವ ದೇಶದ್ದೋ ದುಡಿಮೆಯ ಕಾನೂನೂ ಆ ದೇಶದ್ದು. 2020ರ ಫೆಬ್ರವರಿಯಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು ಕೊರೊನಾದ ಕಾರಣಕ್ಕೆ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿದಾಗ ಅದರಲ್ಲಿ 3,711 ಜನರಿದ್ದರು. ಪ್ರಯಾಣಿಕರಿಗೆ ಕೋಣೆ ಬಿಟ್ಟು ಹೊರಬರಬೇಡಿ ಎಂದರು. ಆ ಕೋಣೆಗಳ ಬಾಗಿಲಿಗೆ ಮೂರು ಹೊತ್ತು ಊಟ ಒಯ್ದವರು ಕೆಲಸಗಾರರು. ಅವರು ಮಾತ್ರ ಒಟ್ಟಿಗೆ ಉಣ್ಣಬೇಕು, ಒಟ್ಟಿಗೆ ಮಲಗಬೇಕು. ಅವರಲ್ಲಿ 132 ಮಂದಿ ಭಾರತೀಯರು. ತಮ್ಮನ್ನು ಕಾಪಾಡಿ ಎಂದು ಕೆಲವರು ಮೊಬೈಲಿನಲ್ಲಿ ಬೇಡಿಕೊಂಡದ್ದನ್ನು ದೇಶವೇ ನೋಡಿತು. ಕೊನೆಗೆ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗಲಿತು. ರೋಗಕ್ಕೆ ಮೇಲಿನ ಮಹಡಿ, ಕೆಳಗಿನ ಮಹಡಿ ಎಂಬ ಭೇದವಿರಲಿಲ್ಲ.

ಕಡಲು, ದರ್ಜೆ, ದೊಡ್ಡಸ್ತಿಕೆ ಎಂದಾಗ ಮುಸ್ಲಿಮರಾದ ನಮಗೆ ಇನ್ನೊಂದು ಬಗೆಯ ಹಡಗಿನ ನೆನಪು ಬಾರದಿರದು. 1880ರಲ್ಲಿ 'ಜಿದ್ದಾ' ಎಂಬ ಹಡಗು ಸಿಂಗಾಪುರ, ಪೆನಾಂಗ್‌ಗಳಿಂದ 900ಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ತುಂಬಿಕೊಂಡು ಹೊರಟಿತ್ತು. ಬಿರುಗಾಳಿಗೆ ಸಿಕ್ಕಿ ನೀರು ನುಗ್ಗತೊಡಗಿದಾಗ ಆಂಗ್ಲ ಕಪ್ತಾನ ತನ್ನ ಹೆಂಡತಿ, ಅಧಿಕಾರಿಗಳೊಡನೆ ದೋಣಿ ಇಳಿಸಿಕೊಂಡು ಹೊರಟುಹೋದ. ಬೇರೊಂದು ಹಡಗು ಅವರನ್ನು ಏಡನ್‌ಗೆ ತಲುಪಿಸಿತು. ನಮ್ಮ ಹಡಗು ಯಾತ್ರಿಕರ ಸಮೇತ ಮುಳುಗಿತು ಎಂದು ಅವರು ಹೇಳಿಕೆ ಕೊಟ್ಟ ಮರುದಿನವೇ, ಮತ್ತೊಂದು ಹಡಗು ಎಳೆದು ತಂದ 'ಜಿದ್ದಾ' ಏಡನ್ ಬಂದರಿಗೆ ಬಂದು ನಿಂತಿತು. ನೀರು ಎತ್ತಿ ಎತ್ತಿ ಹೊರಚೆಲ್ಲಿ ಹಡಗನ್ನು ಉಳಿಸಿಕೊಂಡಿದ್ದ ಯಾತ್ರಿಕರೆಲ್ಲ ಅದರಲ್ಲಿದ್ದರು. ಜೋಸೆಫ್ ಕಾನ್ರಾಡ್ 'ಲಾರ್ಡ್ ಜಿಮ್' ಕಾದಂಬರಿ ಬರೆದದ್ದು ಈ ಘಟನೆಯಿಂದಲೇ. ಅಲ್ಲಿ ಕತೆ ಓಡಿಹೋದವನ ಪಶ್ಚಾತ್ತಾಪದ್ದು. ಉಳಿದ 900 ಮಂದಿಯ ಹೆಸರು ಅದರಲ್ಲಿಲ್ಲ. ಆಂಗ್ಲರನ್ನು ಮಾತ್ರ ದೂರಿ ಸುಮ್ಮನಾಗಲಾಗದು, ಏಕೆಂದರೆ ಆ ಹಡಗಿನ ಒಡೆತನ ಸಿಂಗಾಪುರದ ಅರಬ್ ವರ್ತಕರದು.

ಮುಂಬಯಿಯ ಮೊಗಲ್ ಲೈನ್ ಕಂಪನಿಯ ಇಸ್ಲಾಮಿ, ಮೊಹಮ್ಮದಿ, ಮುಜಫ್ಫರಿ, ಅಕ್ಬರ್ ಮುಂತಾದ ಹಡಗುಗಳು ನಮ್ಮ ಹಿರಿಯರನ್ನು ಜಿದ್ದಾಕ್ಕೆ ಒಯ್ದು ತಂದವು. ಅವುಗಳಲ್ಲೂ ಫಸ್ಟ್ ಕ್ಲಾಸ್ ಇತ್ತು, ಡೆಕ್ ಕ್ಲಾಸ್ ಇತ್ತು. ಆದರೆ ಡೆಕ್ಕಿನಲ್ಲಿ ಹೋದವರ ಮಾತಿನಲ್ಲಿ ನಾವು ಕೇಳಿದ್ದು ದರ್ಜೆಯ ದೂರನ್ನಲ್ಲ. ದಿನಗಟ್ಟಲೆ ಒಟ್ಟಿಗಿದ್ದು ಬಿಹಾರದವನ ಉಪ್ಪಿನಕಾಯಿ, ಮಲಬಾರಿನವನ ಹಪ್ಪಳ ಹಂಚಿಕೊಂಡು ತಿಂದದ್ದನ್ನು, ಮಾತು ತಿಳಿಯದವರು ವಾಂತಿ ಮಾಡುವವರ ತಲೆ ಹಿಡಿದದ್ದನ್ನು, ದಾರಿಯಲ್ಲಿ ತೀರಿಕೊಂಡವರ ಜನಾಜ ನಮಾಜಿಗೆ ಎಲ್ಲರೂ ಸಾಲಾಗಿ ನಿಂತದ್ದನ್ನು. 1995ರಲ್ಲಿ ಆ ಹಡಗಿನ ದಾರಿ ನಿಂತಿತು. ಈಗ ಎಲ್ಲರೂ ಆಕಾಶದಲ್ಲಿ ಹೋಗುತ್ತಾರೆ.

ಆಕಾಶದಲ್ಲಿ ಹೋದವರು ತಂದದ್ದೇನು? 'ನೀವು ಕಮಿಟಿಯಲ್ಲಿ ಹೋದದ್ದಾ? ನಾವು ಪ್ರೈವೇಟ್‌ನಲ್ಲಿ' ಎಂಬ ಮಾತನ್ನು ತಂದಿದ್ದಾರೆ. ಹಜ್ ಕಮಿಟಿಯ ಮೂಲಕ ಹೋದವರು ಅಜೀಜಿಯಾದ ಕಟ್ಟಡಗಳಲ್ಲಿ ಉಳಿದು ಬಸ್ಸು ಹಿಡಿದು ಹರಮ್‌ಗೆ ಬರುತ್ತಾರೆ. ದುಬಾರಿ ಪ್ಯಾಕೇಜಿನವರ ಕೋಣೆಯ ಕಿಟಕಿಯಿಂದಲೇ ಕಾಬಾ ಕಾಣುತ್ತದೆ. ಮಿನಾದ ಡೇರೆಗಳಲ್ಲೂ ದರ್ಜೆಗಳಿವೆ, ಜಮರಾತ್‌ಗೆ ಹತ್ತಿರವಾದಷ್ಟೂ ದರ ಏರುತ್ತದೆ. ಊರಿಗೆ ಮರಳಿದ ಮೇಲೆ ಹೋಟೆಲಿನ ನಕ್ಷತ್ರಗಳ ಎಣಿಕೆ ನಡೆಯುತ್ತದೆ. ಮೈಮೇಲೆ ಹೊಲಿಗೆಯಿಲ್ಲದ ಎರಡು ತುಂಡು ಬಿಳಿ ಬಟ್ಟೆ ಉಟ್ಟು, ರಾಜನಿಗೂ ಕೂಲಿಯವನಿಗೂ ಭೇದವಿಲ್ಲದಂತೆ ನಿಂತು ಬಂದವರ ಬಾಯಲ್ಲಿ ಇದು ಬರುತ್ತದಲ್ಲ ಎಂದು ಸಂಕಟವಾಗುತ್ತದೆ. ಕ್ಯುನಾರ್ಡ್‌ನವನು ಕರಿಯ ಸೂಟಿನಲ್ಲಿ ಜಂಬಪಟ್ಟರೆ ಅವನು ಹೋದದ್ದೇ ಅದಕ್ಕೆ ಎನ್ನಬಹುದು. ಇಹ್ರಾಮಿನಲ್ಲಿ ಜಂಬಪಡುವವನಿಗೆ ಏನೆನ್ನೋಣ?

ಸೌಕರ್ಯ ಬೇಡವೆಂದು ನಾವು ಹೇಳುತ್ತಿಲ್ಲ. ಮಂಡಿ ನೋವಿನ ಮುದುಕಿಗೆ ಹರಮ್‌ನ ಹತ್ತಿರ ಕೋಣೆ ಬೇಕು. ದುಡಿದು ದಣಿದವರು ಹಣವಿದ್ದರೆ ಕಡಲಿನ ಗಾಳಿ ಕಾಣುವ ಕೋಣೆಯಲ್ಲಿ ಮಲಗಲಿ. ಒಳ್ಳೆಯ ಬಟ್ಟೆ, ಒಳ್ಳೆಯ ಚಪ್ಪಲಿ ಇಷ್ಟಪಡುವುದು ಅಹಂಕಾರವೇ ಎಂದು ಪ್ರವಾದಿಯವರನ್ನು (ಸ) ಕೇಳಿದಾಗ, ಅಲ್ಲ, ಸತ್ಯವನ್ನು ತಳ್ಳಿಹಾಕುವುದು, ಜನರನ್ನು ಕೀಳಾಗಿ ಕಾಣುವುದು ಅಹಂಕಾರ ಎಂಬ ಅರ್ಥದ ಉತ್ತರ ಬಂತು. ಸೌಕರ್ಯಕ್ಕೆ ಹಣ ಕೊಡುವುದು ಬೇರೆ, ಅದು ಇನ್ನೊಬ್ಬನಿಗಿಲ್ಲ ಎಂಬ ಸುಖಕ್ಕೆ ಹಣ ಕೊಡುವುದು ಬೇರೆ. ಹಡಗು ಕಂಪನಿಗಳು ಮಾರುವುದರಲ್ಲಿ ಬಹುಪಾಲು ಎರಡನೆಯದು. ಹಜ್ ಪ್ಯಾಕೇಜುಗಳ ಜಾಹೀರಾತುಗಳೂ ಅದನ್ನೇ ಕಲಿಯುತ್ತಿರುವುದು ನಮ್ಮ ಚಿಂತೆ.

ಬುಖಾರಿಯಲ್ಲಿ ಒಂದು ಹಡಗಿನ ದೃಷ್ಟಾಂತವಿದೆ. ಕೆಲವರು ಹಡಗಿನಲ್ಲಿ ಜಾಗಕ್ಕಾಗಿ ಚೀಟಿ ಎತ್ತುತ್ತಾರೆ. ಕೆಲವರಿಗೆ ಮೇಲಿನ ಭಾಗ ಬರುತ್ತದೆ, ಕೆಲವರಿಗೆ ಕೆಳಗಿನದು. ಕೆಳಗಿನವರು ನೀರಿಗಾಗಿ ಪ್ರತಿ ಸಲ ಮೇಲಿನವರನ್ನು ಹಾದು ಹೋಗಬೇಕು. ಅವರಿಗೆ ತೊಂದರೆ ಕೊಡುವುದೇಕೆ, ನಮ್ಮ ಭಾಗದಲ್ಲೇ ಒಂದು ತೂತು ಕೊರೆದುಕೊಳ್ಳೋಣ ಎಂದು ಕೆಳಗಿನವರು ಯೋಚಿಸುತ್ತಾರೆ. ಮೇಲಿನವರು ಬಿಟ್ಟುಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ತಡೆದರೆ ಎಲ್ಲರೂ ಉಳಿಯುತ್ತಾರೆ. ತಪ್ಪನ್ನು ತಡೆಯುವ ಹೊಣೆಯ ಕುರಿತು ಆಲಿಮರು ಇದನ್ನು ಹೇಳುತ್ತಾರೆ, ಅದು ಸರಿಯೇ. ಆದರೆ ನಮ್ಮ ಮನಸ್ಸು ಮತ್ತೆ ಮತ್ತೆ ನಿಲ್ಲುವುದು ಕತೆಯ ಆರಂಭದಲ್ಲಿ. ಮೇಲಿನವರು ಮೇಲೆ ಹೋದದ್ದು ಯೋಗ್ಯತೆಯಿಂದಲ್ಲ, ಹಣದಿಂದಲೂ ಅಲ್ಲ, ಚೀಟಿಯಿಂದ. ಹಜ್ ಕಮಿಟಿ ಇಂದಿಗೂ ಯಾತ್ರಿಕರನ್ನು ಆರಿಸುವುದು ಅದೇ ಕುರ್ರಾದ ಮೂಲಕ. ನಾವು ಯಾವ ಮನೆಯಲ್ಲಿ, ಯಾವ ಊರಿನಲ್ಲಿ, ಯಾರ ಮಕ್ಕಳಾಗಿ ಹುಟ್ಟಿದೆವು ಎಂಬುದೂ ಎತ್ತಿದ ಚೀಟಿಯೇ. ಅಷ್ಟು ನೆನಪಿದ್ದರೆ, ಕೊಡ ಹಿಡಿದು ನೀರಿಗೆ ಮೆಟ್ಟಿಲು ಹತ್ತಿ ಬಂದವನಿಗೆ ಮೇಲಿನವರು ಮುಖ ಸಿಂಡರಿಸದೆ ದಾರಿ ಬಿಟ್ಟುಕೊಡುತ್ತಿದ್ದರು. ಅವನಿಗೆ ತೂತು ಕೊರೆಯುವ ಯೋಚನೆಯೂ ಬರುತ್ತಿರಲಿಲ್ಲ.