ಮದುವೆ ಫೋಟೋ ಹಿಂದಿನ ಮೊಟ್ಟೆಗಳು

ನಮ್ಮ ಕಡೆ ಮನೆಗಳಲ್ಲಿ ಹಲ್ಲಿ ಬಗ್ಗೆ ಇರೋದು ಎರಡೇ ಮಾತು. ಯಾರ ಮೈಮೇಲೆ ಎಲ್ಲಿ ಬಿತ್ತು, ಯಾರು ಏನು ಹೇಳುವಾಗ ಲೊಚಗುಟ್ಟಿತು. ಮೊದಲನೆಯದಕ್ಕೆ ಪಂಚಾಂಗ ತೆಗೆದು ಫಲ ನೋಡ್ತಾರೆ, ಎರಡನೆಯದಕ್ಕೆ ‘ಕೃಷ್ಣ ಕೃಷ್ಣ’ ಅಂತ ನೆಲ ಕುಟ್ಟುತ್ತಾರೆ. ಕಂಚಿಗೆ ಹೋಗಿ ಚಿನ್ನದ ಹಲ್ಲಿ ಮುಟ್ಟಿ ಬಂದವರಿಗೆ ದೋಷವೇ ಇಲ್ಲ ಅನ್ನೋ ನಂಬಿಕೆ ಬೇರೆ. ಇಷ್ಟೆಲ್ಲ ಇದ್ದರೂ ಹಲ್ಲಿಯ ಮೊಟ್ಟೆಗೆ ಮಾತ್ರ ಯಾವ ಶಾಸ್ತ್ರವೂ ಇಲ್ಲ. ಗುಡಿಸುವಾಗ ಸಿಕ್ಕರೆ ಸೀದಾ ಕಸದ ಮೊರಕ್ಕೆ.

ಈ ಮಾರ್ಚ್‌ನಲ್ಲಿ ನಮಗೆ ಸಿಕ್ಕ ಮೊಟ್ಟೆಗಳೂ ಅಲ್ಲಿಗೇ ಹೋಗ್ತಿದ್ದವು, ಅಮ್ಮ ತಡೆಯದೇ ಇದ್ದಿದ್ದರೆ.

ಗುಬ್ಬಿಯ ಮನೆ ಖಾಲಿ ಮಾಡ್ತಿದ್ವಿ. ಅಪ್ಪ ಹೋಗಿ ಐದು ತಿಂಗಳಾಗಿತ್ತು. ಅಮ್ಮ ಒಬ್ಬಳೇ ಅಲ್ಲಿ ಇರೋದು ಬೇಡ ಅಂತ ಅಕ್ಕನೂ ನಾನೂ ಸೇರಿ ಒಪ್ಪಿಸಿದ್ವಿ. ಒಪ್ಪಿಗೆ ಅಂದರೆ ಪೂರ್ತಿ ಒಪ್ಪಿಗೆ ಅಲ್ಲ. ‘ಎರಡು ತಿಂಗಳು ಇದ್ದು ನೋಡ್ತೀನಿ, ಆಮೇಲೆ ಹೇಳ್ತೀನಿ’ ಅಂದಿದ್ದಳು. ಗುಬ್ಬಿಯಿಂದ ತುಮಕೂರಿಗೆ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿ.ಮೀ. ಅಷ್ಟೇ. ಆದರೆ ನಲವತ್ತು ವರ್ಷ ಒಂದೇ ಹಿತ್ತಲಲ್ಲಿ ಪಾತ್ರೆ ತೊಳೆದವಳಿಗೆ ಅದು ಗೂಗಲ್ ಮ್ಯಾಪ್ ತೋರಿಸುವ ದೂರ ಅಲ್ಲ.

ಕೊನೆಗೆ ಇಳಿಸಿದ್ದು ಅವರ ಮದುವೆ ಫೋಟೋ. ದಪ್ಪ ಮರದ ಚೌಕಟ್ಟು, ಹಿಂದೆ ರಟ್ಟು. ಆ ರಟ್ಟಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಐದು ಬಿಳಿ ಮೊಟ್ಟೆ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡವು. ಒಂದು ತೂತು ಬಿದ್ದ ಹಳೇ ಚಿಪ್ಪು, ಉಳಿದ ನಾಲ್ಕು ಗಟ್ಟಿ. ಹಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡೇ ಮೊಟ್ಟೆ ಇಡೋದು. ಒಳ್ಳೆ ಜಾಗ ಸಿಕ್ಕರೆ ನಾಲ್ಕಾರು ಹಲ್ಲಿಗಳು ಅದೇ ಸಂದಿಗೆ ಬರುತ್ತವೆ. ಅಂದರೆ ಇದೊಂದು ಥರ ಹೆರಿಗೆ ವಾರ್ಡ್. ಮಾರನೇ ದಿನ ಪೇಂಟಿಂಗ್‌ನವರು ಬರೋರಿದ್ದರು. ಫೋಟೋ ಬಿಟ್ಟು ಬರೋಕೆ ಅಮ್ಮ ತಯಾರಿಲ್ಲ. ಮೊಟ್ಟೆ ಉದುರಿಸಿ ಬರೋಕೂ ತಯಾರಿಲ್ಲ.

‘ಪಾಪ, ನಂಬಿ ಇಟ್ಟವ್ಳೆ ಕಣೋ. ನಾವು ಮನೆ ಖಾಲಿ ಮಾಡ್ತೀವಿ ಅಂತ ಅದಕ್ಕೇನು ಗೊತ್ತು?’

ಹಾಗಾಗಿ ಪ್ರಶ್ನೆ ನನ್ನ ತಲೆಗೆ ಬಂತು. ಇವನ್ನು ಒಯ್ದು ಯಾವುದರ ಮೇಲೆ ಇಡೋದು?

ಕಾರಿನಲ್ಲಿ ಕೂತೇ ಫೋನಲ್ಲಿ ಹುಡುಕಿದೆ. ಇಂಗ್ಲಿಷಿನಲ್ಲಿ ಸಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಒಂದೇ ಪಾಠ: ಡಬ್ಬಿಗೆ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್ ಹಾಕಿ, ತೂಕದಲ್ಲಿ ಸಮಸಮ ನೀರು ಬೆರೆಸಿ, ಮೊಟ್ಟೆಯನ್ನು ಅರ್ಧ ಹೂತು ಮುಚ್ಚಳ ಹಾಕಿ. ಟೆರೇಸ್ ಗಾರ್ಡನ್ ಮಾಡೋರಿಗೆ ಈ ಎರಡೂ ಗೊತ್ತಿರುತ್ತೆ. ಒಂದು ಕಾಯಿಸಿ ಅರಳಿಸಿದ ಅಭ್ರಕದಂಥ ಖನಿಜ, ಇನ್ನೊಂದು ಅರಳಿಸಿದ ಜ್ವಾಲಾಮುಖಿ ಗಾಜು. ನಮ್ಮ ತಾರಸಿಯಲ್ಲಿ ಅರ್ಧ ಚೀಲ ವರ್ಮಿಕ್ಯುಲೈಟ್ ಬಿದ್ದಿತ್ತು. ಕೋಕೋಪೀಟ್ ಅಂತೂ ತುಮಕೂರು ಜಿಲ್ಲೆಯವರು ದುಡ್ಡು ಕೊಟ್ಟು ತರಿಸಿಕೊಂಡರೆ ನಾಚಿಕೆಗೇಡು. ತೆಂಗಿನ ನಾರಿನ ಫ್ಯಾಕ್ಟರಿಗಳ ಮುಂದೆ ಪುಡಿ ಗುಡ್ಡೆ ಬಿದ್ದಿರುತ್ತೆ.

ಅಮ್ಮನ ಹತ್ತಿರ ಬೇರೆ ಪಾಠ ಇತ್ತು. ಅವಳ ತವರು ಕುಣಿಗಲ್ ಹತ್ತಿರದ ಹಳ್ಳಿ, ಕೋಳಿ ಕಾವು ಕೂರಿಸಿ ಬೆಳೆದವಳು. ಮಂಕರಿಗೆ ಮರಳು ಹಾಕಿ, ಮೇಲೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು. ಮೊಟ್ಟೆ ಬೆಸ ಸಂಖ್ಯೆಯಲ್ಲೇ ಇರಬೇಕು. ಇಲ್ಲಿ ನಾಲ್ಕಲ್ವಾ ಅಂದರೆ, ಆ ಖಾಲಿ ಚಿಪ್ಪನ್ನೂ ಲೆಕ್ಕಕ್ಕೆ ಹಿಡಿದು ‘ಐದೈತೆ, ಸರಿಯಾಗೈತೆ’ ಅಂದಳು. 21 ದಿನ ಕೋಳಿ ಕೂತಿರುತ್ತೆ, ದಿನಕ್ಕೆ ಹತ್ತಾರು ಸಲ ಕಾಲಲ್ಲಿ ಮೊಟ್ಟೆ ಹೊರಳಿಸುತ್ತೆ, ನಾವೂ ಹೊರಳಿಸಬೇಕು ಅನ್ನೋದು ಅವಳ ವಾದ.

ಎರಡು ಪಾಠವೂ ಸರಿ, ಆದರೆ ಎರಡೂ ಬೇರೆ ಮೊಟ್ಟೆಗೆ.

ವಿಷಯ ಇರೋದು ಚಿಪ್ಪಿನಲ್ಲಿ. ಆ ಇಂಗ್ಲಿಷ್ ಪಾಠಗಳಲ್ಲಿ ಬಹಳಷ್ಟು ಬರೆದಿರೋದು ಲೆಪರ್ಡ್ ಗೆಕ್ಕೊ ಸಾಕುವವರಿಗೆ. ಅದರ ಮೊಟ್ಟೆ ಮೆತ್ತಗೆ, ಚರ್ಮದ ಹಾಗೆ. ಸುತ್ತಲಿನ ತೇವ ಹೀರಿಕೊಂಡೇ ಬೆಳೆಯಬೇಕು, ಇಲ್ಲದಿದ್ದರೆ ಸುಕ್ಕುಗಟ್ಟುತ್ತೆ. ನಮ್ಮ ಗೋಡೆ ಹಲ್ಲಿಯ ಲೆಕ್ಕ ಬೇರೆ. ಇಡುವಾಗ ಅದರ ಮೊಟ್ಟೆಯೂ ಮೆತ್ತಗೇ, ಆದರೆ ಗಾಳಿ ತಾಗಿದ ಮೇಲೆ ಸುಣ್ಣದ ಚಿಪ್ಪು ಗಟ್ಟಿಯಾಗುತ್ತೆ. ಮರಿಗೆ ಬೇಕಾದ ನೀರು ಒಳಗೇ ಪ್ಯಾಕ್ ಆಗಿರುತ್ತೆ. ಅದಕ್ಕೇ ಬೇಸಿಗೆಯಲ್ಲಿ ಒಣಗಿದ ಗೋಡೆಯ ಸಂದಿಯಲ್ಲೂ, ಸ್ವಿಚ್‌ಬೋರ್ಡ್ ಒಳಗೂ ಅದು ಬದುಕೋದು. ಅಂಥ ಮೊಟ್ಟೆಯನ್ನು ತೊಪ್ಪೆಯಾದ ವರ್ಮಿಕ್ಯುಲೈಟ್‌ನಲ್ಲಿ ಹೂತರೆ ಉಪಕಾರವಲ್ಲ, ಬೂಷ್ಟು ಹಿಡಿಸಿದ ಹಾಗೆ.

ಈ ವ್ಯತ್ಯಾಸ ಅಮ್ಮನಿಗೆ ಹೇಳೋಕೆ ಕುಣಿಗಲ್ಲೇ ಸಹಾಯಕ್ಕೆ ಬಂತು. ಹೋದ ಮಳೆಗಾಲದಲ್ಲಿ ಮಾವ ತೆಂಗಿನ ಪಾತಿ ಬಿಡಿಸುವಾಗ ಓತಿಕ್ಯಾತನ ಮೊಟ್ಟೆ ಗುದ್ದಲಿಗೆ ಸಿಕ್ಕಿದ್ದವು. ಹತ್ತು ಹನ್ನೆರಡು ಇರಬಹುದು, ಉದ್ದುದ್ದ, ಮುಟ್ಟಿದರೆ ರಬ್ಬರ್ ಹಾಗೆ. ಮಾವ ಅವನ್ನು ಎತ್ತಲೂ ಇಲ್ಲ, ಹಸಿ ಮಣ್ಣು ಮತ್ತೆ ಎಳೆದು ಮುಚ್ಚಿ ಪಕ್ಕದ ಮರಕ್ಕೆ ಹೋದರು.

‘ನೆನಪಿದೆಯಾ ಅಮ್ಮ, ಅದು ಮೆತ್ತಗಿತ್ತು, ಹಸಿ ಮಣ್ಣಲ್ಲಿತ್ತು. ಇದು ಗಟ್ಟಿ, ಒಣ ರಟ್ಟಿನ ಮೇಲಿದೆ.’

‘ಹಂಗಾದ್ರೆ ರಟ್ಟಲ್ಲೇ ಬಿಡು’ ಅಂದಳು.

ಮುಗೀತು. ಅರ್ಧ ಗಂಟೆಯಿಂದ ನಾನು ಓದ್ತಿದ್ದ ಚರ್ಚೆಗೆ ಇದಕ್ಕಿಂತ ಒಳ್ಳೆ ತೀರ್ಮಾನ ಬೇಕಿರಲಿಲ್ಲ. ಎರಡು ಮೊಟ್ಟೆ ರಟ್ಟಿಗೆ ಅಂಟಿಕೊಂಡೇ ಇದ್ದವು, ಕಿತ್ತರೆ ಚಿಪ್ಪು ಒಡೆಯೋದು ಗ್ಯಾರಂಟಿ. ಬ್ಲೇಡಿನಿಂದ ಆ ತುಂಡು ರಟ್ಟನ್ನೇ ಕತ್ತರಿಸಿದೆ. ಬಿಡಿಯಾಗಿದ್ದ ಎರಡಕ್ಕೆ ಪೆನ್ಸಿಲ್‌ನಲ್ಲಿ ಮೇಲ್ಮುಖಕ್ಕೆ ಸಣ್ಣ ಚುಕ್ಕಿ ಇಟ್ಟೆ. ಅವಕ್ಕೆ ಕೆಳಗೆ ಬೇಕಿದ್ದಿದ್ದು ಇಷ್ಟೇ: ಉರುಳದ ಹಾಗೆ ಹಿಡಿಯಬೇಕು, ಒಣಗಿರಬೇಕು, ಮರಿ ಹೊರಬಂದಾಗ ಕಾಲಿಗೆ ಸಿಕ್ಕಿಹಾಕಿಕೊಳ್ಳಬಾರದು. ಹತ್ತಿ ಈ ಕೊನೆಯದರಲ್ಲಿ ಫೇಲು, ಎಳೆ ಬೆರಳಿಗೆ ಸುತ್ತಿಕೊಳ್ಳುತ್ತೆ. ಕೋಕೋಪೀಟ್ ಸಾವಯವ, ಸ್ವಲ್ಪ ತೇವ ಸೋಕಿದರೂ ಬೂಷ್ಟು. ಸರಿಯಾಗಿ ತೊಳೆಯದಿದ್ದರೆ ಉಪ್ಪೂ ಇರುತ್ತೆ. ಜರಡಿ ಹಿಡಿದ ಒಣ ಮರಳು ನಡೆಯುತ್ತೆ, ಮಡಿಸಿದ ಟಿಶ್ಯೂ ಪೇಪರೂ ನಡೆಯುತ್ತೆ. ಅಮ್ಮನ ಮಂಕರಿಗೆ ಮರ್ಯಾದೆ ಕೊಟ್ಟು ಮರಳನ್ನೇ ಆರಿಸಿದೆ. ಬಿಸಿಲಲ್ಲಿ ಒಂದು ದಿನ ಒಣಗಿಸಿ, ಅರ್ಧ ಇಂಚು ಹರಡಿ, ಬೆರಳಲ್ಲಿ ಎರಡು ಗುಳಿ. ವರ್ಮಿಕ್ಯುಲೈಟ್ ತಾರಸಿಗೇ ವಾಪಸ್.

ಹೊರಳಿಸೋ ವಿಷಯಕ್ಕೆ ಮಾತ್ರ ಜಗಳವೇ ಆಯ್ತು. ಕೋಳಿಮೊಟ್ಟೆ ಹೊರಳಿಸದಿದ್ದರೆ ಮರಿ ಚಿಪ್ಪಿಗೆ ಅಂಟುತ್ತೆ, ನಿಜ. ಹಲ್ಲಿ, ಓತಿಕ್ಯಾತ, ಆಮೆ ಇವುಗಳ ಮೊಟ್ಟೆಯಲ್ಲಿ ಭ್ರೂಣ ಶುರುವಿನ ದಿನಗಳಲ್ಲೇ ಚಿಪ್ಪಿನ ಒಳಮೈಗೆ ಹತ್ತಿಕೊಂಡು ಕೂತುಬಿಡುತ್ತೆ. ಆಮೇಲೆ ತಲೆಕೆಳಗು ಮಾಡಿದರೆ ಅದು ಸಾಯಬಹುದು. ಪೆನ್ಸಿಲ್ ಚುಕ್ಕಿ ಅದಕ್ಕೇ. ಅಮ್ಮ ನಂಬಲಿಲ್ಲ. ‘ಕಾವು ಕೂರೋ ತಾಯೂ ಇಲ್ಲ, ಹೊರಳಿಸೋರೂ ಇಲ್ಲ, ಹೆಂಗಪ್ಪಾ ಬದುಕ್ತವೆ?’ ಅಂತ ಎರಡು ದಿನ ಕೇಳಿದಳು. ಹಲ್ಲಿಮರಿಗೆ ತಾಯಿ ಬೇಡ ಅನ್ನೋದು ಅವಳಿಗೆ ಸರಿಬರಲಿಲ್ಲ. ನಾನೂ ಜಾಸ್ತಿ ಎಳೆಯಲಿಲ್ಲ.

ಮುಚ್ಚಳಕ್ಕೆ ಸೂಜಿ ತೂತು ಹಾಕಿದ ಪ್ಲಾಸ್ಟಿಕ್ ಡಬ್ಬಿ ಎಲ್ಲಿಡೋದು? ವೈಫೈ ರೂಟರ್ ಮೇಲೆ ಬೆಚ್ಚಗಿರುತ್ತೆ ಅನ್ನೋ ಐಡಿಯಾ ಸಾಫ್ಟ್‌ವೇರ್‌ನವರಿಗೆ ಬಂದೇ ಬರುತ್ತೆ. ಬೇಡ. ಮಾರ್ಚ್ ಏಪ್ರಿಲ್‌ನಲ್ಲಿ ತುಮಕೂರಿನ ರೂಮೇ ಇನ್‌ಕ್ಯುಬೇಟರ್. ಒಳಗಿನ ಬೀರು ಮೇಲೆ ಥರ್ಮಾಮೀಟರ್ ಇಟ್ಟು ನೋಡಿದೆ: ಬೆಳಗ್ಗೆ 27 ಡಿಗ್ರಿ, ಮಧ್ಯಾಹ್ನ 31. ಸಾಕು. ಇದರ ಮೇಲೆ ಇನ್ನೂ ಶಾಖ ಕೊಟ್ಟರೆ ಅಪಾಯವೇ. ಲೆಪರ್ಡ್ ಗೆಕ್ಕೊದಲ್ಲಿ ಮರಿ ಗಂಡೋ ಹೆಣ್ಣೋ ಅನ್ನೋದನ್ನೇ ಈ ಡಿಗ್ರಿ ಲೆಕ್ಕ ತೀರ್ಮಾನಿಸುತ್ತೆ: 26ರ ಆಸುಪಾಸಿನಲ್ಲಿ ಹೆಚ್ಚಾಗಿ ಹೆಣ್ಣು, 32-33ಕ್ಕೆ ಹೆಚ್ಚಾಗಿ ಗಂಡು. ಇದನ್ನು ಊಟ ಮಾಡುವಾಗ ಹೇಳಿದೆ. ‘ಸದ್ಯ, ನಮ್ಮಲ್ಲಿ ಹಂಗಿಲ್ಲ. ಇದ್ದಿದ್ರೆ ಸೊಸೇರನ್ನೆಲ್ಲ ಒಲೆ ಮುಂದೆ ಕೂರಿಸ್ತಿದ್ರು’ ಅಂದಳು ಅಮ್ಮ. ಹಲ್ಲಿ ಕಂಡರೆ ಸ್ಟೂಲ್ ಹತ್ತುವ ನನ್ನ ಹೆಂಡತಿ ಅನ್ನ ನೆತ್ತಿಗೇರುವಷ್ಟು ನಕ್ಕಳು. ಐದು ತಿಂಗಳಲ್ಲಿ ಅಮ್ಮ ಮಾಡಿದ ಮೊದಲ ತಮಾಷೆ ಅದು.

ಇರುವೆ ಕಾಟಕ್ಕೆ ಯಾವ ಇಂಗ್ಲಿಷ್ ಪಾಠವೂ ಬೇಕಾಗಲಿಲ್ಲ. ತುಪ್ಪದ ಡಬ್ಬಿ ಇಡುವ ಹಾಗೆ ನೀರಿನ ತಟ್ಟೆ ಮಧ್ಯೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಡಬ್ಬಿ. ಬೆಳಕು ಬೀಳದಿರಲಿ ಅಂತ ಹೊದಿಸೋಕೆ ಬಟ್ಟೆ ಕೇಳಿದೆ. ಗುಬ್ಬಿಯಿಂದ ತಂದ ದಿನದಿಂದ ಬೀಗ ತೆಗೆಯದೇ ಮಂಚದ ಕೆಳಗಿದ್ದ ಟ್ರಂಕ್ ಎಳೆದು, ಹಳೇ ಕಾಟನ್ ಸೀರೆಯ ತುಂಡು ತಂದುಕೊಟ್ಟಳು. ತಟ್ಟೆಗೆ ನೀರು ಬದಲಾಯಿಸೋದು ಅವಳ ಕೆಲಸ ಆಯ್ತು. ಬೆಳಗ್ಗೆ ನಾನು ಬೆಂಗಳೂರು ಟ್ರೈನ್ ಹಿಡಿಯೋಕೆ ಓಡುವಾಗ ಅವಳು ಸ್ಟೂಲ್ ಮೇಲೆ ನಿಂತಿರುತ್ತಿದ್ದಳು. ಬೀಳ್ತೀಯ ಅಂದರೆ ಕೇಳೋಳಲ್ಲ. ಡಬ್ಬಿ ಕೆಳಗಿನ ಕಪಾಟಿಗೆ ಬಂತು.

ವಾರಕ್ಕೊಂದು ಸಲ ಕತ್ತಲೆ ರೂಮಲ್ಲಿ ಮೊಬೈಲ್ ಟಾರ್ಚ್. ಮೊಟ್ಟೆ ಎತ್ತದೆ ಪಕ್ಕದಿಂದ ಬೆಳಕು ಬಿಟ್ಟರೆ ಬದುಕಿರೋದು ನಸುಗೆಂಪಾಗಿ, ಒಳಗೆ ನರ ಹರಿದ ಹಾಗೆ ಕಾಣುತ್ತೆ. ಕೆಟ್ಟಿದ್ದು ಬರೀ ಹಳದಿ. ಹತ್ತನೇ ದಿನಕ್ಕೆ ಬಿಡಿ ಮೊಟ್ಟೆಗಳಲ್ಲಿ ಒಂದು ಕಪ್ಪಾಗಿ ಒಳಕ್ಕೆ ಕುಸಿಯಿತು. ಅಮ್ಮ ಅದನ್ನು ತುಳಸಿ ಕುಂಡದಲ್ಲಿ ಹೂತಳು, ಏನೂ ಮಾತಾಡಲಿಲ್ಲ.

ಇಪ್ಪತ್ತಾರನೇ ದಿನ ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಫೋನ್. ಅಮ್ಮ ಮೊದಲ ಸಲ ತಾನಾಗಿ ವಿಡಿಯೋ ಕಾಲ್ ಮಾಡಿದ್ದಳು. ಮುಖ ಕಾಣ್ತಿರಲಿಲ್ಲ, ಕಾಣ್ತಿದ್ದಿದ್ದು ಕಪಾಟಿನ ಬಾಗಿಲು. ‘ಬಂತು ಕಣೋ, ಒಂದು ಬಂತು! ಇನ್ನೊಂದು ಮೂತಿ ತೂರಿಸ್ತೈತೆ!’ ರಟ್ಟಿಗೆ ಅಂಟಿದ್ದ ಜೋಡಿ ಅದು. ಹಲ್ಲಿಮರಿಯ ಮೂತಿ ತುದಿಯಲ್ಲಿ ಚಿಪ್ಪು ಕೊರೆಯೋಕೆ ಅಂತಲೇ ಎರಡು ಪುಟ್ಟ ಹಲ್ಲಿರುತ್ತೆ, ಆಮೇಲೆ ಬಿದ್ದುಹೋಗುತ್ತೆ. ಓತಿಕ್ಯಾತನಿಗೆ, ಹಾವಿಗೆ ಒಂದೇ. ನಾನು ಮನೆಗೆ ಬರೋವಷ್ಟರಲ್ಲಿ ಎರಡೂ ಹೊರಗೆ. ಎರಡಿಂಚೂ ಇಲ್ಲ, ಹೊಟ್ಟೆಯೊಳಗೆ ಏನಿದೆ ಅಂತ ಕಾಣುವಷ್ಟು ತೆಳು ಚರ್ಮ.

ಗುಬ್ಬಿಗೆ ಒಯ್ದು ಬಿಡೋಣ್ವಾ ಅಂತ ನಾನೇ ಕೇಳಿದೆ. ಶನಿವಾರ ಹೇಗೂ ಬಾಡಿಗೆ ಕರಾರಿಗೆ ಸಹಿ ಹಾಕಿಸೋಕೆ ಹೋಗಬೇಕಿತ್ತು. ಅಮ್ಮ ಸ್ವಲ್ಪ ಹೊತ್ತು ಡಬ್ಬಿ ನೋಡ್ತಾ ನಿಂತಳು. ‘ಅಲ್ಲಿ ಹೊಸ ಪೇಂಟು, ಹೊಸ ಜನ. ಹೊಡೆದು ಹಾಕ್ತಾರೆ. ಇಲ್ಲೇ ಬಿಡು, ವರಾಂಡದ ಲೈಟಿಗೆ ಹುಳ ಬರ್ತವಲ್ಲ.’ ಸಂಜೆ ಡಬ್ಬಿಯನ್ನು ಗೋಡೆಗೆ ಒರಗಿಸಿ ಮುಚ್ಚಳ ತೆಗೆದ್ವಿ. ಒಂದು ತಕ್ಷಣ ಓಡಿತು, ಇನ್ನೊಂದು ಹತ್ತು ನಿಮಿಷ ಅಲ್ಲೇ ಕೂತಿತ್ತು.

ಚುಕ್ಕಿ ಇಟ್ಟ ಒಂದು ಮೊಟ್ಟೆ ಇನ್ನೂ ಮರಳಲ್ಲಿದೆ. ಮೊನ್ನೆ ಟಾರ್ಚ್ ಬಿಟ್ಟಾಗ ಕೆಂಪಗೇ ಇತ್ತು. ಭಾನುವಾರ ಕುಣಿಗಲ್‌ಗೆ ಕರೆದಿದ್ದಾರೆ, ಮಾವನ ಮೊಮ್ಮಗಳ ನಾಮಕರಣ. ಅಮ್ಮ ಹೊರಟಿದ್ದಾಳೆ, ಆದರೆ ತಟ್ಟೆಗೆ ನೀರು ಹಾಕೋರು ಯಾರು ಅಂತ ನಿನ್ನೆಯಿಂದ ಎರಡು ಸಲ ಕೇಳಿದ್ದಾಳೆ. ಸ್ಟೂಲ್ ಹತ್ತುವವಳು ತಾನು ಹಾಕ್ತೀನಿ ಅಂದಿದ್ದಾಳೆ.