ಎರಡು ಕಡಲು ಕಟ್ಟುವ ನೆಲ

ರಾಮೇಶ್ವರ ದಾಟಿ ಧನುಷ್ಕೋಡಿಯತ್ತ ಹೊರಟರೆ ನೆಲ ಎರಡೂ ಮಗ್ಗುಲಲ್ಲಿ ಸವೆಯುತ್ತಾ ಹೋಗಿ, ಕಡೆಗೆ ರಸ್ತೆಯೊಂದೇ ಉಳಿಯುತ್ತದೆ. ನಾವು ಹೋದದ್ದು ಆಷಾಢದಲ್ಲಿ. ಬಲಕ್ಕಿದ್ದ ಮನ್ನಾರ್ ಕೊಲ್ಲಿ ಮುಂಗಾರು ಗಾಳಿಗೆ ಮೊರೆಯುತ್ತಿತ್ತು. ಎಡಕ್ಕಿದ್ದ ಪಾಕ್ ಜಲಸಂಧಿ ನಮ್ಮೂರ ಕೆರೆಯ ಹಾಗೆ ಸುಮ್ಮನಿತ್ತು. ಒಂದೇ ಕಾರು, ಎರಡು ಕಿಟಕಿ, ಎರಡು ಕಡಲು! ಹಿಂಗಾರಿನಲ್ಲಿ ಇದೆಲ್ಲ ತಿರುವುಮುರುವು, ಆಗ ಎಡಗಡೆಯದಕ್ಕೆ ರೋಷ.

ರಸ್ತೆ ಮುಗಿಯುವ ತುದಿ ಅರಿಚಲ್ ಮುನೈ. ಅಲ್ಲಿರುವುದು ಬರೀ ಮರಳು. ಮುಂಗಾರಿನ ಅಲೆಗಳು ಮರಳನ್ನು ಮನ್ನಾರ್ ಕಡೆಯಿಂದ ಪಾಕ್ ಕಡೆಗೆ ದೂಡುತ್ತವೆ, ಹಿಂಗಾರಿನವು ಮತ್ತೆ ಇತ್ತ ತರುತ್ತವೆ. ಹೀಗೆ ಹೋಗಿಬರುವ ಮರಳೇ ಇಲ್ಲಿನ ನೆಲ. ನಕ್ಷೆಯಲ್ಲಿ ಭಾರತ ಮುಗಿಯಿತೆಂದು ಗೆರೆ ಎಳೆದ ಜಾಗ ಋತುವಿಗೊಮ್ಮೆ ಜರುಗುತ್ತಲೇ ಇರುತ್ತದೆ ಎಂಬುದನ್ನು ಕಾಲ ಕೆಳಗೆ ಮರಳು ಸರಿದಾಗಲೇ ನಾನು ನಂಬಿದ್ದು.

ಈ ಮರಳ ಮೇಲೊಂದು ಊರಿತ್ತು. ಮದ್ರಾಸಿನಿಂದ ಬೋಟ್ ಮೇಲ್ ರೈಲು ಇಲ್ಲಿಗೆ ಬರುತ್ತಿತ್ತು. ಇಳಿದವರು ಹಡಗು ಹತ್ತಿ ಸಿಂಹಳದ ತಲೈಮನ್ನಾರ್ ಸೇರುತ್ತಿದ್ದರು. 1964ರ ಡಿಸೆಂಬರ್ 22ರ ರಾತ್ರಿ ಸಿಂಹಳವನ್ನು ಹಾದು ಚಂಡಮಾರುತ ಬಂತು. ಪಾಕ್ ಕಡೆಯ ಕಡಲು ಆಳವಿಲ್ಲದ್ದು. ಗಾಳಿ ತಳ್ಳಿದ ನೀರು ಕೆಳಗಿಳಿಯಲು ಜಾಗವಿಲ್ಲದೆ ಮೇಲಕ್ಕೆ ಪೇರಿಕೊಂಡು, ಗೋಡೆಯಾಗಿ ನೆಲಕ್ಕೆ ನುಗ್ಗಿತು. ಪಾಂಬನ್‌ನಿಂದ ಹೊರಟು ಇನ್ನೇನು ನಿಲ್ದಾಣ ಸೇರಬೇಕಿದ್ದ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಜನರೊಡನೆ ಕೊಚ್ಚಿಹೋಯಿತು. ರಾಮೇಶ್ವರ ದ್ವೀಪವನ್ನು ಒಳನಾಡಿಗೆ ಬೆಸೆದಿದ್ದ ಪಾಂಬನ್ ಸೇತುವೆಯೂ ಮುರಿದುಬಿತ್ತು, ಅದನ್ನು ಎಂಜಿನಿಯರ್ ಇ. ಶ್ರೀಧರನ್ 46 ದಿನಗಳಲ್ಲಿ ಎತ್ತಿ ನಿಲ್ಲಿಸಿದರು. ಧನುಷ್ಕೋಡಿಯನ್ನು ಮಾತ್ರ ವಾಸಕ್ಕೆ ತಕ್ಕುದಲ್ಲವೆಂದು ಸರ್ಕಾರ ಸಾರಿತು.

ಆ ಊರಿನ ಇಗರ್ಜಿಯ ಮೋಟುಗೋಡೆ ಇನ್ನೂ ನಿಂತಿದೆ. ಕಣ್ಣು ಹತ್ತಿರ ಒಯ್ದರೆ ಕಲ್ಲಿನ ತುಂಬ ಸಣ್ಣಸಣ್ಣ ತೂತು. ಅದು ಹವಳದ ಕಲ್ಲು. ಕಡಲ ಪುಟ್ಟ ಜೀವಿಗಳು ತಮ್ಮ ಮೈಯಿಂದ ಕಟ್ಟಿದ್ದನ್ನು ಮನುಷ್ಯರು ಕಡಿದು ತಂದು ಗೋಡೆ ಮಾಡಿದರು. ಅದನ್ನು ಮುಟ್ಟಿ ನಾನು ಎಷ್ಟೋ ಹೊತ್ತು ನಿಂತೆ.

ವಾಸಕ್ಕೆ ತಕ್ಕುದಲ್ಲವೆಂದು ಸಾರಿದ್ದರೂ ಬೆಸ್ತರು ಇಲ್ಲಿ ಗುಡಿಸಲು ಹಾಕಿಕೊಂಡಿದ್ದಾರೆ. ಕುಡಿಯುವ ನೀರಿಗೇನು ಗತಿ ಎಂದು ಕೇಳಿದಾಗ ಮುದುಕಿಯೊಬ್ಬರು ದಂಡೆಯಿಂದ ತುಸು ಒಳಗೆ ಕರೆದೊಯ್ದು ಮರಳನ್ನು ಕೈಯಲ್ಲೇ ಬಗೆದರು. ಮೊಣಕೈಯಾಳದಲ್ಲಿ ನೀರು ಒಸರಿತು. ಬೊಗಸೆಯಲ್ಲಿ ಕುಡಿದೆ. ಸಿಹಿ! ಸುತ್ತ ಎರಡು ಕಡಲು, ನಡುವೆ ಸಿಹಿನೀರು! ಮಳೆನೀರು ಉಪ್ಪುನೀರಿಗಿಂತ ಹಗುರ. ಮರಳಿನೊಳಗೆ ಇಂಗಿ, ಉಪ್ಪುನೀರಿನ ಮೇಲೆ ತೇಲುತ್ತ ಕೂತಿರುತ್ತದೆ. ಈ ದ್ವೀಪಕ್ಕೆ ಹೆಚ್ಚಿನ ಮಳೆ ಬರುವುದು ಹಿಂಗಾರಿನಲ್ಲಿ, ಚಂಡಮಾರುತಗಳು ಬರುವ ಆ ತಿಂಗಳುಗಳಲ್ಲೇ. ಇನ್ನಷ್ಟು ಬಗೆಯಲು ನಾನು ಕೈಹಾಕಿದಾಗ ಆಕೆ ತಡೆದರು. ಆಳಕ್ಕೆ ಹೋದರೆ ಉಪ್ಪು ಬರುತ್ತದಂತೆ, ಮೇಲಿನದನ್ನಷ್ಟೇ ಮೊಗೆಯಬೇಕಂತೆ. ನಾಳೆ ಈ ಗುಂಡಿ ಮುಚ್ಚಿಹೋಗುತ್ತದೆ, ಪಕ್ಕದಲ್ಲಿ ಇನ್ನೊಂದು ತೋಡುತ್ತೇವೆ ಎಂದು ಹೇಳಿ ಆಕೆ ಕೊಡ ತುಂಬತೊಡಗಿದರು.